ಒಂದೇ ಒಂದು ವಾದ

ಆ ಲಾ ಫರ್ಮಿನಲ್ಲಿ ಅವಳಿಗೆ ಹನ್ನೊಂದು ವರ್ಷವಾಗಿತ್ತು. ಅಷ್ಟೂ ವರ್ಷ ಕೋರ್ಟಿನಲ್ಲಿ ಎದ್ದು ನಿಂತದ್ದೆಲ್ಲ ಸೀನಿಯರ್ ಪರವಾಗಿ ವಾಯಿದೆ ಕೇಳುವುದಕ್ಕೇ. ತನ್ನನ್ನೂ ಪಾರ್ಟ್‌ನರ್ ಮಾಡಿ ಎಂದಾಗಲೆಲ್ಲ, "ಸ್ವಂತವಾಗಿ ಒಂದು ವಾದನೂ ಮಾಡಿಲ್ವಲ್ಲಮ್ಮಾ" ಎನ್ನುತ್ತಿದ್ದರು ಅವರು.

ಇವತ್ತು ಬೆಳಿಗ್ಗೆ ಅವರೇ ಫೋನ್ ಮಾಡಿದರು.

"ಆ ಆಸ್ತಿ ಕೇಸು ಇವತ್ತು ನೀನೇ ವಾದ ಮಾಡಮ್ಮಾ. ಆಮೇಲೆ ನಾನು ಅವಕಾಶ ಕೊಡಲಿಲ್ಲ ಅನ್ಬೇಡ."

ಖುಷಿಗೆ ಅವಳ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಆಟೋದಲ್ಲೇ ಇಡೀ ವಾದವನ್ನು ಮತ್ತೊಮ್ಮೆ ಗಟ್ಟಿಮಾಡಿಕೊಂಡು, ಕರಿಕೋಟಿನ ಗುಂಡಿ ಹಾಕಿಕೊಳ್ಳುತ್ತಲೇ ಕೋರ್ಟ್ ಹಾಲಿಗೆ ಓಡಿದಳು. ನ್ಯಾಯಾಧೀಶರ ಕುರ್ಚಿ ಖಾಲಿಯಿತ್ತು.

ಬೆಂಚ್ ಕ್ಲರ್ಕ್ ತಲೆಯೆತ್ತಿದ.

"ನೀವ್ಯಾಕೆ ಬಂದ್ರಿ ಮೇಡಂ? ಸಾಹೇಬ್ರು ಇವತ್ತು ರಜೆ ಅಂತ ನಿನ್ನೆ ಸಂಜೆನೇ ನಿಮ್ಮ ಸೀನಿಯರ್‌ಗೆ ಹೇಳಿದ್ನಲ್ಲ!"