ಮುಖಪುಟದ ಚಿತ್ರ

ಕಣ್ಣು ಕಾಣದ ವಚನ ಗಾಯಕ ಚನ್ನಬಸಯ್ಯನವರಿಗಾಗಿ ಪಕ್ಕದ ಮನೆಯ ವಿದ್ಯಾಶ್ರೀ ಒಂದು ವೆಬ್‌ಸೈಟ್ ಮಾಡಿದ್ದಳು. ವೆಬ್ ಡಿಸೈನ್ ಕಲಿಯುತ್ತಿದ್ದ ಅವಳಿಗೆ ಅದು ಮೊದಲ ಕೆಲಸ. ಪ್ರತಿ ಫೋಟೊಗೂ ಅವಳು ಬರೆದಿಟ್ಟ ವಿವರಣೆಯನ್ನು ಮೊಬೈಲು ಗಟ್ಟಿಯಾಗಿ ಓದಿ ಹೇಳುತ್ತಿತ್ತು. ಮದುವೆಯ ದಿನ ತಾವು ಹಳದಿ ರುಮಾಲು ಸುತ್ತಿದ್ದರೆಂದು ಕೇಳಿ ಅವರು ಮಗುವಿನಂತೆ ನಕ್ಕರು.

"ಇಷ್ಟು ದಿನ ತಮ್ಮ ಗುರುಪಾದಯ್ಯನ ಕಣ್ಣಿಲೇ ಲೋಕಾ ನೋಡೀನಿ," ಎಂದರು. "ಕಾರ್ಯಕ್ರಮ, ರೆಕಾರ್ಡಿಂಗು ಎಲ್ಲಾ ಅವನೇ ನೋಡ್ಕೊಂಡಾನ. ಈಗ ನನ್ನ ಮೊದಲನೇ ಸಿ.ಡಿ. ಮುಖಪುಟ ಕೇಳಸವ್ವಾ."

ಆ ಚಿತ್ರ ತೆರೆದ ವಿದ್ಯಾಶ್ರೀ ಬೆರಳು ಹಿಂದಕ್ಕೆಳೆದುಕೊಂಡಳು. "ಅದೊಂದು ಬ್ಯಾಡ್ರಿ, ಕಾಕಾ."

"ಯಾಕ? ಬರದಿಲ್ಲೇನು?"

"ಬರದೀನ್ರಿ. ಚಿತ್ರದಾಗ ಇದ್ದದ್ದನ್ನ ಬರೀಬೇಕು, ಸುಳ್ಳು ಸೇರಸಬಾರದು ಅಂತ ನಮ್ಮ ಸರ್ ಹೇಳ್ಯಾರ."

"ಮತ್ತ್ಯಾಕ ಅಂಜತಿ? ಹಚ್ಚು."

ಪಕ್ಕದಲ್ಲಿ ಕೂತಿದ್ದ ಗುರುಪಾದಯ್ಯ ದಡಕ್ಕನೆ ಎದ್ದ. "ಅಣ್ಣಾ, ಊಟಕ್ಕ ಹೊತ್ತಾತು, ಏಳು."

ಚನ್ನಬಸಯ್ಯನವರು ಕೈ ಚಾಚಿ ತಾವೇ ಮೊಬೈಲಿನ ಪರದೆ ಮುಟ್ಟಿದರು.

ಮೊಬೈಲು ಓದಿತು: "ಸಿ.ಡಿ. ಮುಖಪುಟ. ತಂಬೂರಿ ಹಿಡಿದು ಕೂತ ಗುರುಪಾದಯ್ಯನವರ ಚಿತ್ರ. ಕೆಳಗೆ ದೊಡ್ಡ ಅಕ್ಷರಗಳಲ್ಲಿ, ಗಾಯನ: ಗುರುಪಾದಯ್ಯ."