ವಾಪಸ್ ಕೊಡದ ಹಾಳೆ

"ನೋಡಮ್ಮ, ಚುಕ್ಕೆಯಷ್ಟೂ ಕಲೆಯಿಲ್ಲ," ಎನ್ನುತ್ತ ಅಚ್ಚಿನಜ್ಜ ಹಾಳೆಯನ್ನು ಕಿಟಕಿಯ ಬೆಳಕಿಗೆ ಹಿಡಿದ. ಕೊಳ್ಳಲು ಬಂದಿದ್ದ ಚಿತ್ರದಂಗಡಿಯವಳು ಬಾಗಿ ನೋಡಿದಳು. ಮರದಚ್ಚಿನ ಕೊಕ್ಕರೆಯ ತಲೆಯ ಮೇಲೆ, ಬಿಳಿಯಾಗಿಯೇ ಉಳಿಯಬೇಕಿದ್ದ ಆಕಾಶದಲ್ಲಿ, ಅಜ್ಜನದೇ ಹೆಬ್ಬೆರಳ ಗುರುತು ಕಪ್ಪಗೆ ಕೂತಿತ್ತು. ಕೆಳಗಿನ ಹಾಳೆಗಳಲ್ಲೂ ಅದೇ ಕತೆ. ಅದು ಅವನ ಕಣ್ಣಿಗೆ ಬಿದ್ದೇ ಇರಲಿಲ್ಲ.

ಸಾಸಿವೆಯಷ್ಟು ಮಸಿ ತಾಗಿದರೂ ಹಾಳೆ ಹರಿದು ಬುಟ್ಟಿಗೆಸೆಯುತ್ತಿದ್ದ ಮನುಷ್ಯ ಅವನು. ಇವಳೂ ಬಿಡುವವಳಲ್ಲ, ಪ್ರತಿಸಲವೂ ಹುಡುಕಿ ಹುಡುಕಿ ಒಂದನ್ನಾದರೂ ವಾಪಸ್ ಕೊಟ್ಟು, ಅಜ್ಜನಿಂದ ಬೈಸಿಕೊಂಡೇ ಹೊರಡುವುದು ವಾಡಿಕೆ. ಈಗ ಬಾಯಿ ತೆರೆಯುವಷ್ಟರಲ್ಲಿ, ಅಜ್ಜನ ಬೆನ್ನ ಹಿಂದೆ ಮಸಿಯ ರೋಲರ್ ಒರೆಸುತ್ತಿದ್ದ ಅವನ ಮಗಳ ಕೈ ನಿಂತಿತು. ಹೇಳಬೇಡ ಎಂಬಂತೆ ಆಕೆ ಸಣ್ಣಗೆ ತಲೆಯಾಡಿಸಿದಳು. ಈ ಹಾಳೆಗಳನ್ನು ಅಂಗಡಿಯಲ್ಲಿ ತೂಗುಹಾಕಿದರೆ ಗಿರಾಕಿಗಳು ಕಲೆಯಿದೆಯೆಂದು ಮುಖಕ್ಕೆ ಹೊಡೆದ ಹಾಗೆ ಅಂದುಬಿಡುತ್ತಾರೆ. ಬೇಡವೆಂದರೂ, ಬೆಲೆ ಇಳಿಸಿ ಎಂದರೂ, ಅಜ್ಜ ಕಾರಣ ಕೇಳದೆ ಬಿಡುವುದಿಲ್ಲ. ಅಂಗಡಿಯವಳು ಹಣದ ಚೀಲ ತೆಗೆದಳು.

"ಚೆನ್ನಾಗಿವೆ ಅಜ್ಜ. ಎಲ್ಲಾನೂ ಕಟ್ಟಿಕೊಡಿ."

ಮಗಳು ಉಸಿರು ಬಿಟ್ಟಳು. ಕಟ್ಟುವ ಕಾಗದಕ್ಕೆ ಕೈ ಚಾಚಿದ್ದ ಅಜ್ಜ ಹಾಗೇ ನಿಂತ.

"ಎಲ್ಲಾನೂ?"

"ಹೂಂ, ಅಜ್ಜ."

"ಒಂದೂ ವಾಪಸ್ ಇಲ್ವಾ?"

ಅಜ್ಜ ಹೆಬ್ಬೆರಳನ್ನು ತೋರುಬೆರಳಿಗೆ ನಿಧಾನವಾಗಿ ಉಜ್ಜಿ ನೋಡಿಕೊಂಡ. ಆಮೇಲೆ ಮೇಲಿನ ಹಾಳೆಯನ್ನು ಅಂಗಡಿಯವಳತ್ತ ತಿರುಗಿಸಿ, ಅವಳ ಬೆರಳು ಹಿಡಿದು ಅದರ ಮೇಲಿಟ್ಟ.

"ಕಲೆ ಎಲ್ಲಿದೆ, ತೋರ್ಸು."