ಬೇಲಿಯ ಬ್ಯಾಟರಿ

ಆನೆಬೇಲಿಯ ಬ್ಯಾಟರಿಯನ್ನು ಬಿಚ್ಚಿ ತಂದು ಸುದೀಪ ತನ್ನ ಗೇಮ್ ಸರ್ವರಿಗೆ ಸಿಕ್ಕಿಸಿದ್ದನ್ನು ಮನೆಯಲ್ಲಿ ಯಾರೂ ನೋಡಲಿಲ್ಲ. ಬಾಳೂರಿನಲ್ಲಿ ಬೆಳಗಿನಿಂದ ಕರೆಂಟಿಲ್ಲ. ಯುಪಿಎಸ್ಸು ಕೂಗಿ ಕೂಗಿ ಸುಸ್ತಾಗಿತ್ತು. ಅತ್ತ ಟೂರ್ನಮೆಂಟಿನ ಸೆಮಿಫೈನಲ್ ಶುರುವಾಗುವುದರಲ್ಲಿತ್ತು. ಪುಟ್ಟ ಪುಟ್ಟ ವಿಮಾನಗಳು ಒಂದನ್ನೊಂದು ಅಟ್ಟಿಸಿಕೊಂಡು ಹೋಗಿ ಹೊಡೆದುರುಳಿಸುವ ಆಟ ಅದು. ಆಡುವವರು ಬ್ರೆಜಿಲ್ಲು, ಪೋಲೆಂಡು, ದಾವಣಗೆರೆ ಎಂದು ಎಲ್ಲೆಲ್ಲೋ ಕೂತವರು. ಅವರೆಲ್ಲರ ವಿಮಾನ ಹಾರುತ್ತಿದ್ದದ್ದು ಮಾತ್ರ ಈ ಕಾಫಿ ತೋಟದ ಮನೆಯ ಮೂಲೆ ಕೋಣೆಯಲ್ಲಿ, ಮುಚ್ಚಳ ಕಳೆದುಕೊಂಡ ಒಂದು ಹಳೇ ಕಂಪ್ಯೂಟರಿನೊಳಗೆ.

ಸರ್ವರ್ ಇಟ್ಟುಕೊಳ್ಳುವುದೆಂದರೆ ಹಾಲು ಕರೆಯುವ ಹಸು ಕಟ್ಟಿಕೊಂಡ ಹಾಗೆ, ಒಂದು ಹೊತ್ತೂ ತಪ್ಪಿಸುವಂತಿಲ್ಲ. ಇಂಟರ್ನೆಟ್‌ನವನ ಕಾಲು ಹಿಡಿದು ಒಳ್ಳೆಯ ಲೈನ್ ಎಳೆಸಿಕೊಂಡು, ಹೊರಗಿನವರು ಒಳಬರಲು ರೂಟರಿನಲ್ಲಿ ಪೋರ್ಟ್ ತೆರೆದು, ಕಳ್ಳಾಟ ಆಡುವವರನ್ನು ಹೆಕ್ಕಿ ಹೆಕ್ಕಿ ಹೊರಗೆ ಹಾಕಿ, ಸುದೀಪ ಅದಕ್ಕೊಂದು ಹೆಸರು ತಂದಿದ್ದ. ಟೂರ್ನಮೆಂಟು ಮೊದಲ ಸಲ ಅವನ ಪಾಲಿಗೆ ಬಂದಿತ್ತು. ನಡುವೆ ನಿಂತರೆ ಮತ್ತೆ ಯಾರೂ ಈ ಕಡೆ ತಲೆ ಹಾಕುವುದಿಲ್ಲ. ಯುಪಿಎಸ್‌ಗೆ ಬೇಕಾದದ್ದು ಹನ್ನೆರಡು ವೋಲ್ಟ್, ಆನೆಗೆ ಶಾಕ್ ಕೊಡುವ ಬೇಲಿಯ ಬ್ಯಾಟರಿಯೂ ಹನ್ನೆರಡು ವೋಲ್ಟ್. ಹಾಡಹಗಲು ಯಾವ ಆನೆ ಬರುತ್ತದೆ ಎಂದುಕೊಂಡ, ಆನೆಯನ್ನು ಕೇಳಿಕೊಂಡೇ ಬಂದವನಂತೆ.

ಆಟ ರಂಗೇರಿದ ಹೊತ್ತಿಗೆ ಅಪ್ಪ ಗಣಪಯ್ಯ ಮೊಬೈಲು ಹಿಡಿದು ಬಾಗಿಲಿಗೆ ಬಂದರು.

"ಸುದೀ, ಆನೆ ವಾಟ್ಸಾಪ್ ಗ್ರೂಪಲ್ಲಿ ಮೆಸೇಜ್ ಬಂದಿದೆ. ಒಂಟಿ ಸಲಗ ಹಳ್ಳದ ಹತ್ರ ಇದ್ಯಂತೆ. ಬೇಲಿ ಆನ್ ಇದೆ ತಾನೆ?"

ಹಳ್ಳದ ಬದಿಯ ತೋಟದಲ್ಲಿ ಅಕ್ಕ ಪಂಚಮಿ ಆಳುಗಳ ಜೊತೆ ಕಾಫಿ ಹಣ್ಣು ಕೊಯ್ಯಿಸುತ್ತಿದ್ದಳು. ಇಲ್ಲ ಎಂದರೆ ದೊಡ್ಡ ರಾದ್ಧಾಂತ. ಈಗಲೇ ಒಯ್ದು ಸಿಕ್ಕಿಸಿದರೆ ಯಾರಿಗೂ ಗೊತ್ತಾಗುವುದಿಲ್ಲ.

"ಇದೆ ಅಪ್ಪಯ್ಯ" ಎಂದುಬಿಟ್ಟ.

ಗಣಪಯ್ಯ ನಿಂತಲ್ಲಿಂದಲೇ ಮಗಳಿಗೆ ಫೋನ್ ಹಚ್ಚಿದರು. "ಬೇಲಿ ಆನ್ ಇದ್ಯಂತೆ, ಹೆದ್ರಬೇಡ ಮಾರಾಯ್ತಿ. ಇರೋ ಹಣ್ಣು ಕುಯ್ದು ಮುಗಿಸ್ಕೊಂಡೇ ಬನ್ನಿ." ಅಷ್ಟು ಹೇಳಿ ನಿಶ್ಚಿಂತೆಯಿಂದ ಅಂಗಳಕ್ಕೆ ನಡೆದರು.

ಅವರ ಬೆನ್ನು ಮರೆಯಾಗಿದ್ದೇ ತಡ, ಸುದೀಪ ವೈರು ಕಿತ್ತ. ಪರದೆ ಕಪ್ಪಾಯಿತು. ಹಾರುತ್ತಿದ್ದ ವಿಮಾನಗಳೆಲ್ಲ ಹಾರುತ್ತಲೇ ಇಲ್ಲವಾದವು. ಬ್ಯಾಟರಿಯನ್ನು ಹೊಟ್ಟೆಗೆ ಅವುಚಿಕೊಂಡು ಹಿತ್ತಿಲ ಬಾಗಿಲಿನಿಂದ ಬೇಲಿಯ ಮಷೀನಿದ್ದ ಶೆಡ್ಡಿಗೆ ಓಡಿದ. ಅವಸರದಲ್ಲಿ ಕ್ಲಿಪ್ಪು ಜಾರಿ ಜಾರಿ ಹೋಯಿತು. ಕಡೆಗೂ ಕಚ್ಚಿಕೊಂಡಿತು. ಟಕ್, ಟಕ್ ಎಂದು ಮಷೀನು ಬಡಿಯತೊಡಗಿದಾಗ ಹೋದ ಜೀವ ಬಂದಂತಾಯಿತು. ಆಟಗಾರರಿಗೆ ಏನು ನೆಪ ಹೇಳುವುದೆಂದು ಯೋಚಿಸುವಷ್ಟು ಧೈರ್ಯವೂ ಬಂತು.

ಆಗ ಫೋನು ಬಂತು. ಪಂಚಮಿ. ದನಿ ಪಿಸುಗುಡುತ್ತಿತ್ತು.

"ಸುದೀ, ಬೇಲಿ ಆಫ್ ಮಾಡೋ."

"ಯಾಕಕ್ಕಾ?"

"ಆನೆ ಒಳಗಿದೆ ಕಣೋ. ಯಾವಾಗ ಬಂತೋ ಗೊತ್ತಿಲ್ಲ. ಅದರ ಪಾಡಿಗೆ ವಾಪಸ್ ಕಾಡಿನ ಕಡೆ ಹೊರಟಿತ್ತು, ನಾವೆಲ್ಲ ಗಿಡದಡಿ ಕೂತಿದ್ವಿ. ಈಗ ತಂತಿ ತಾಗಿ ಶಾಕ್ ಹೊಡೀತು ನೋಡು, ಹುಚ್ಚು ಹಿಡಿದಂಗೆ ತಿರುಗಿಬಿಡ್ತು. ಎಲ್ಲಿ ನುಗ್ಗಿದ್ರೂ ತಂತಿ. ಮತ್ತೆ ಮತ್ತೆ ನಮ್ಮ ಕಡೆಗೇ ಬರ್ತಿದೆ. ಬೇಗ ಮಾಡೋ..."

ಏನಾಗಿದೆಯೆಂದು ಸುದೀಪನಿಗೆ ಹೊಳೆಯಿತು. ಅವರದ್ದು ಮೇಲಿನ ತಂತಿಯಿಂದ ಆಲದ ಬಿಳಲಿನಂತೆ ತಂತಿಗಳನ್ನು ಇಳಿಬಿಟ್ಟ ಬೇಲಿ. ವಿದ್ಯುತ್ತು ಇಲ್ಲದಾಗ ಪರದೆ ಸರಿಸಿದ ಹಾಗೆ ಸರಿಸಿಕೊಂಡು ಆನೆ ಸದ್ದಿಲ್ಲದೆ ಒಳಗೆ ಬಂದಿದೆ. ಆಮೇಲೆ ತಾನು ಬಂದು ಕರೆಂಟು ಕೊಟ್ಟು ಅದು ಹೊರಗೆ ಹೋಗುವ ಬಾಗಿಲು ಹಾಕಿದ್ದಾನೆ. ಫೋನು ನೆಲಕ್ಕೆ ಬಿತ್ತು. ಬಾಗಿ ಕ್ಲಿಪ್ಪಿಗೆ ಕೈ ಹಾಕಿದ.

ಯಾರೋ ಆ ಕೈಯನ್ನು ಹಿಡಿದುಕೊಂಡರು. ಕೆಳಗಿನ ತೋಟದಿಂದ ಆನೆಯ ಘೀಳು ಕೇಳಿ ಓಡಿಬಂದ ಗಣಪಯ್ಯ ಏದುಸಿರು ಬಿಡುತ್ತಿದ್ದರು.

"ಏನ್ ಮಾಡ್ತಿದ್ದೀಯೋ? ತಲೆ ಕೆಟ್ಟಿದ್ಯಾ ನಿಂಗೆ? ಪಂಚಮಿ ಕೆಳಗಿದ್ದಾಳೆ!"

"ಬಿಡಿ ಅಪ್ಪಯ್ಯ, ಆಫ್ ಮಾಡ್ಬೇಕು. ಆನೆ ಒಳಗಿದೆ!"

"ಬೇಲಿ ಆನ್ ಇರೋವಾಗ ಒಳಗೆ ಹೇಗೆ ಬರುತ್ತೆ ಮಾರಾಯಾ? ಹೊರಗೇ ನಿಂತು ಕೂಗ್ತಿದೆ ಅದು. ಈ ಬೇಲಿ ಒಂದು ಇರೋದಕ್ಕೆ ಅವಳು ಉಳ್ಕೊಂಡಿದಾಳೆ!" ಎನ್ನುತ್ತ ಅವರು ಮಗನ ಕೈಯನ್ನು ಇನ್ನಷ್ಟು ಬಿಗಿಯಾಗಿ ಹಿಡಿದರು. ಮರ ಹತ್ತಿ ಕಾಳುಮೆಣಸು ಕೊಯ್ದು ಗಟ್ಟಿಯಾದ ಕೈ ಅದು. ಸುದೀಪನಿಗೆ ಕೊಸರಿಕೊಳ್ಳಲಾಗಲಿಲ್ಲ.

ಹೇಳಬೇಕಾದದ್ದು ಒಂದೇ ಒಂದು ಮಾತು. ಮಷೀನು ಬಡಿಯುತ್ತಲೇ ಇತ್ತು. ಕೆಳಗೆ ಗಿಡಗಳು ಮುರಿಯುವ ಸದ್ದು ಒಮ್ಮೆ ದೂರ ಹೋಗಿ, ಮತ್ತೆ ಹತ್ತಿರವಾಯಿತು.

"ಅಪ್ಪಯ್ಯ" ಎಂದ. "ಬೇಲಿ ಆನ್ ಇರ್ಲಿಲ್ಲ. ನೀವು ಕೇಳಿದಾಗ ಆನ್ ಇರ್ಲೇ ಇಲ್ಲ."

ಗಣಪಯ್ಯ ಮಗನ ಮುಖವನ್ನೇ ನೋಡಿದರು. ಮಾತು ಅರ್ಥವಾಗಲಿಲ್ಲವೋ, ನಂಬಲಾಗಲಿಲ್ಲವೋ, ಹಿಡಿದ ಕೈ ಮಾತ್ರ ಸಡಿಲವಾಗಲಿಲ್ಲ. ನೆಲದ ಮೇಲೆ ಬಿದ್ದಿದ್ದ ಫೋನಿನಿಂದ ಪಂಚಮಿ ಪಿಸುಗುಡುತ್ತಿದ್ದಳು: "ಆಫ್ ಆಯ್ತೇನೋ? ಸುದೀ... ಆಫ್ ಆಯ್ತಾ?"